ಕಕ್ಷೆ ನೋಡಿ ಉಪಗ್ರಹ ಆರಿಸುವುದು: ಕೆರೆ, ಬೆಳೆ, ಕಾಡು, ಮಳೆ ಗಮನಿಸುವವರಿಗೊಂದು ಕೈಪಿಡಿ

ಉಪಗ್ರಹ ಚಿತ್ರ ಬೇಕು ಎಂದು ಬರುವವರು ಮೊದಲು ಕೇಳುವುದು ಪಿಕ್ಸೆಲ್, ಅಂದರೆ ಚಿತ್ರದ ಒಂದೊಂದು ಚುಕ್ಕಿ, ನೆಲದ ಮೇಲೆ ಎಷ್ಟು ಮೀಟರಿನದು ಎಂದು. ಅದು ಎರಡನೆಯ ಪ್ರಶ್ನೆ. ನಿಮ್ಮ ಜಾಗವನ್ನು ಉಪಗ್ರಹ ದಿನದ ಯಾವ ಹೊತ್ತಿಗೆ ನೋಡುತ್ತದೆ, ಎಷ್ಟು ದಿನಕ್ಕೊಮ್ಮೆ ಮರಳಿ ಬರುತ್ತದೆ, ಯಾವ ಕೋನದಿಂದ ನೋಡುತ್ತದೆ ಎಂಬ ಮೂರನ್ನೂ ಅದರ ಕಕ್ಷೆಯೇ ತೀರ್ಮಾನಿಸಿರುತ್ತದೆ. ಕೆಲಸದ ಕಕ್ಷೆ ಸೇರಿದ ಮೇಲೆ ಅದನ್ನು ದೊಡ್ಡದಾಗಿ ಬದಲಿಸುವಷ್ಟು ಇಂಧನ ಸಾಮಾನ್ಯವಾಗಿ ಉಪಗ್ರಹದಲ್ಲಿ ಇರುವುದಿಲ್ಲ. ಕಾಡ್ಗಿಚ್ಚು ಮಧ್ಯಾಹ್ನ ಏಳುವ ಕಡೆ ಬೆಳಗಿನ 10 ಮೀಟರ್ ಚಿತ್ರ ಎಷ್ಟು ಚೆನ್ನಾಗಿದ್ದರೂ ಬೆಂಕಿ ಅದರಲ್ಲಿ ಕಾಣುವುದಿಲ್ಲ. ಹಾಗಾಗಿ ಮೊದಲು ಕಕ್ಷೆ, ಆಮೇಲೆ ಪಿಕ್ಸೆಲ್.

ಬೇಕಾದ ಸಾಮಾನು ಕಡಿಮೆ. ಇಂಟರ್ನೆಟ್ ಇರುವ ಕಂಪ್ಯೂಟರ್, ಘನಮೂಲ ತೆಗೆಯುವ ಕ್ಯಾಲ್ಕುಲೇಟರ್, ಲೆಕ್ಕ ಬರೆದಿಡಲು ಒಂದು ಪುಸ್ತಕ. ಉಚಿತ ಖಾತೆಗಳಲ್ಲಿ ಯುರೋಪಿನ ಸೆಂಟಿನೆಲ್ ಉಪಗ್ರಹಗಳ ಚಿತ್ರಗಳಿಗೆ ಕೋಪರ್ನಿಕಸ್ ಬ್ರೌಸರ್, ಅಮೆರಿಕದ ಲ್ಯಾಂಡ್‌ಸ್ಯಾಟ್‌ಗೆ ಯುಎಸ್‌ಜಿಎಸ್ ಅರ್ಥ್ ಎಕ್ಸ್‌ಪ್ಲೋರರ್, ಇಸ್ರೋದ ರಿಸೋರ್ಸ್‌ಸ್ಯಾಟ್‌ಗೆ ಎನ್‌ಆರ್‌ಎಸ್‌ಸಿಯ ಭೂನಿಧಿ, ಹವಾಮಾನ ನೋಡುವ ಇನ್ಸಾಟ್ ಚಿತ್ರಗಳಿಗೆ ಮೊಸ್‌ಡ್ಯಾಕ್ ಸಾಕು.

ಮೊದಲು ಬರೆದುಕೊಳ್ಳಬೇಕಾದ ಮೂರು ಸಾಲು

ಒಂದು, ನೀವು ಗಮನಿಸುವ ಸಂಗತಿ ಎಷ್ಟು ಬೇಗ ಬದಲಾಗುತ್ತದೆ? ಗುಡುಗು ಮೋಡ ಅರ್ಧ ಗಂಟೆಯಲ್ಲಿ ಬೆಳೆದು ನಿಲ್ಲುತ್ತದೆ, ಭತ್ತದ ಗದ್ದೆ ಹದಿನೈದು ದಿನಕ್ಕೆ ಬೇರೆಯಾಗುತ್ತದೆ, ಊರು ಬೆಳೆಯಲು ವರ್ಷ ಬೇಕು. ಆ ಅವಧಿಯಲ್ಲಿ ಕನಿಷ್ಠ ಎರಡು ಮೂರು ಚಿತ್ರ ಸಿಗುವಂತಹ ಕಕ್ಷೆ ಬೇಕು.

ಎರಡು, ನೋಡಬೇಕಾದ ಅತಿ ಚಿಕ್ಕ ತುಣುಕು ಎಷ್ಟು? ನಮ್ಮ ಹೊಲದ ಲೆಕ್ಕದಲ್ಲೇ ಹೇಳುವುದಾದರೆ ಒಂದು ಗುಂಟೆ ಎಂದರೆ 101 ಚದರ ಮೀಟರ್. ಸೆಂಟಿನೆಲ್-2ರ 10 ಮೀಟರ್ ಪಿಕ್ಸೆಲ್ 100 ಚದರ ಮೀಟರ್, ಅಂದರೆ ಹೆಚ್ಚೂಕಡಿಮೆ ಒಂದು ಗುಂಟೆಗೆ ಒಂದು ಪಿಕ್ಸೆಲ್, ಎಕರೆಗೆ 40. ರಿಸೋರ್ಸ್‌ಸ್ಯಾಟ್‌ನ ಲಿಸ್-3 ಕ್ಯಾಮೆರಾದ 23.5 ಮೀಟರ್ ಪಿಕ್ಸೆಲ್ ಐದೂವರೆ ಗುಂಟೆ, ಲ್ಯಾಂಡ್‌ಸ್ಯಾಟ್‌ನ 30 ಮೀಟರ್ ಪಿಕ್ಸೆಲ್ ಒಂಬತ್ತು ಗುಂಟೆ. ಚೌಕಾಕಾರದ ಒಂದು ಎಕರೆ ಹೊಲದ ಬದಿ ಸುಮಾರು 64 ಮೀಟರ್. ಲ್ಯಾಂಡ್‌ಸ್ಯಾಟ್‌ನಲ್ಲಿ ಅದು ಎರಡು ಪಿಕ್ಸೆಲ್ ಉದ್ದ, ಎರಡು ಪಿಕ್ಸೆಲ್ ಅಗಲ. ನಾಲ್ಕರಲ್ಲೂ ಬದುವಿನ ಗಿಡ, ಪಕ್ಕದ ಹೊಲ ಬೆರೆತಿರುವ ಸಾಧ್ಯತೆಯೇ ಹೆಚ್ಚು. ಸೆಂಟಿನೆಲ್-2ರಲ್ಲಿ ಅಂಚಿನ ಸಾಲು ಬಿಟ್ಟರೂ ಒಳಗೆ ಹದಿನಾರು ಶುದ್ಧ ಪಿಕ್ಸೆಲ್ ಉಳಿಯುತ್ತವೆ. ಸಣ್ಣ ಹಿಡುವಳಿಯವರು ಒಂದೊಂದು ಹೊಲದ ಬೆಳೆ ನೋಡಲು 30 ಮೀಟರ್ ಚಿತ್ರ ಬಳಸಬೇಡಿ.

ಮೂರು, ಆ ಕಾಲದಲ್ಲಿ ಮೋಡ ಇರುತ್ತದೆಯೇ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿ, ಮಲೆನಾಡು ಎಂದಿದ್ದರೆ ಬೆಳಕಿನ ಕ್ಯಾಮೆರಾ ಉಪಗ್ರಹಗಳನ್ನು ಪಟ್ಟಿಯಿಂದ ತೆಗೆದೇ ಬಿಡಿ. ಮೋಡದ ಮೂಲಕವೂ ನೋಡಬಲ್ಲ ರೇಡಾರ್ ಉಪಗ್ರಹಕ್ಕೆ ಹೋಗಿ.

ಯಾವ ಕಕ್ಷೆ ಎಂದು ಅಂಕಿಯಿಂದಲೇ ಗುರುತಿಸುವುದು

ಉಪಗ್ರಹದ ಬಗ್ಗೆ ಜಾಹೀರಾತು ಏನೇ ಹೇಳಲಿ, ಅದು ಎಲ್ಲಿ ಹೇಗೆ ಸುತ್ತುತ್ತಿದೆ ಎಂಬುದನ್ನು ನೀವೇ ನೋಡಿಕೊಳ್ಳಬಹುದು. ಸೆಲೆಸ್‌ಟ್ರ್ಯಾಕ್ ತಾಣದಲ್ಲಿ ಹೆಚ್ಚೂಕಡಿಮೆ ಪ್ರತಿ ಉಪಗ್ರಹಕ್ಕೂ ಟಿಎಲ್‌ಇ ಎಂಬ ಎರಡು ಸಾಲಿನ ಅಂಕಿಗಳು ಸಿಗುತ್ತವೆ. ನಿಮಗೆ ಬೇಕಾದುದು ಎರಡನೇ ಸಾಲಿನ ಮೂರು ಅಂಕಿ. 9ರಿಂದ 16ನೇ ಸ್ಥಾನದಲ್ಲಿ ಕಕ್ಷೆಯ ಓರೆ, ಅಂದರೆ ಸಮಭಾಜಕ ವೃತ್ತಕ್ಕೆ ಕಕ್ಷೆ ಎಷ್ಟು ಡಿಗ್ರಿ ವಾಲಿದೆ ಎಂಬುದು. 27ರಿಂದ 33ರಲ್ಲಿ ಕಕ್ಷೆ ಎಷ್ಟು ಮೊಟ್ಟೆಯಾಕಾರ ಎಂಬ ಅಂಕಿ. ಅದರ ಮುಂದೆ ದಶಮಾಂಶ ಬಿಂದುವನ್ನು ನೀವೇ ಸೇರಿಸಿಕೊಳ್ಳಬೇಕು, ಬರೆದಿರುವುದಿಲ್ಲ. 53ರಿಂದ 63ರಲ್ಲಿ ದಿನಕ್ಕೆ ಎಷ್ಟು ಸುತ್ತು ಎಂಬುದು. ಇಲ್ಲಿ ತಪ್ಪುವವರು ಬಹಳ: 64ನೇ ಸ್ಥಾನದಿಂದ ಉಡಾವಣೆಯ ನಂತರದ ಒಟ್ಟು ಸುತ್ತುಗಳ ಸಂಖ್ಯೆ ಶುರುವಾಗುತ್ತದೆ, ನಡುವೆ ಜಾಗ ಬಿಡದೆ ಅಂಟಿಕೊಂಡೂ ಇರಬಹುದು. ಅಂಕಣ ಎಣಿಸಿಯೇ ಓದಿ.

ದಿನದ ಸುತ್ತಿನಿಂದ ಎತ್ತರ ತೆಗೆಯುವುದು ಸುಲಭ. ಸುತ್ತಿನ ಸಂಖ್ಯೆಯ ಘನಮೂಲ ತೆಗೆದು, ಅದನ್ನು ವರ್ಗ ಮಾಡಿ, ಬಂದ ಸಂಖ್ಯೆಯಿಂದ 42,241ನ್ನು ಭಾಗಿಸಿ. ಅದು ಭೂಮಿಯ ಕೇಂದ್ರದಿಂದ ಇರುವ ದೂರ, ಕಿಲೋಮೀಟರಿನಲ್ಲಿ. 6,378 ಕಳೆದರೆ ನೆಲದಿಂದ ಎತ್ತರ. ಲ್ಯಾಂಡ್‌ಸ್ಯಾಟ್ 8ರ ಸುತ್ತು ದಿನಕ್ಕೆ 14.57. ಘನಮೂಲ 2.4424, ವರ್ಗ 5.965, ಭಾಗಿಸಿದರೆ 7,081, ಕಳೆದರೆ 703 ಕಿ.ಮೀ. ಅಧಿಕೃತ ಎತ್ತರ 705. ಇಷ್ಟು ಹತ್ತಿರ ಬಂದರೆ ನಿಮ್ಮ ಲೆಕ್ಕ ಸರಿ ಎಂದರ್ಥ.

ಈಗ ಜಾತಿ ಗುರುತಿಸಿ. ದಿನಕ್ಕೆ 1.0027 ಸುತ್ತು, ಓರೆ ಸೊನ್ನೆಯ ಹತ್ತಿರ ಇದ್ದರೆ ಭೂಸ್ಥಿರ ಕಕ್ಷೆ, ಒಂದೇ ಜಾಗದ ಮೇಲೆ ನಿಂತಂತಿರುವುದು. 14ರಿಂದ 15.3 ಸುತ್ತು, ಓರೆ 97ರಿಂದ 99 ಡಿಗ್ರಿ ಇದ್ದರೆ ಬಹುತೇಕ ಸನ್ ಸಿಂಕ್ರೊನಸ್, ಅಂದರೆ ಸದಾ ಒಂದೇ ಸೌರ ಹೊತ್ತಿಗೆ ಬರುವ ಕಕ್ಷೆ. 15.5 ಸುತ್ತು, ಓರೆ 51.6 ಎಂದರೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ. 12.8 ಸುತ್ತು, ಓರೆ 66 ಎಂದರೆ ಸಮುದ್ರ ಮಟ್ಟ ಅಳೆಯುವವು. 2 ಸುತ್ತು, ಓರೆ 63.4, ಮೊಟ್ಟೆಯಾಕಾರ 0.7ರ ಆಸುಪಾಸು ಇದ್ದರೆ ಮೊಲ್ನಿಯಾ, ಅಂದರೆ ಉತ್ತರದ ಆಕಾಶದಲ್ಲಿ ಹೆಚ್ಚು ಹೊತ್ತು ಕಳೆಯುವ ಉದ್ದನೆಯ ಕಕ್ಷೆ.

ಮೊದಲ ಸಾಲಿನಲ್ಲಿ ದಿನಾಂಕ ಇರುತ್ತದೆ. 25196.5 ಎಂದರೆ 2025ರ 196ನೇ ದಿನ, ಜುಲೈ 15, ಗ್ರೀನಿಚ್ ಮಧ್ಯಾಹ್ನ 12, ನಮ್ಮ ಸಂಜೆ 5.30. ಕೆಳಕಕ್ಷೆಯ ಉಪಗ್ರಹಕ್ಕೆ ಹೊಸ ಟಿಎಲ್‌ಇಯಲ್ಲೇ ಒಂದು ಕಿ.ಮೀ. ಆಸುಪಾಸು ತಪ್ಪಿರುತ್ತದೆ, ದಿನಕ್ಕೆ ಒಂದರಿಂದ ಮೂರು ಕಿ.ಮೀ. ಬೆಳೆಯುತ್ತದೆ. ವಾರದ ಹಳೆಯದು ಹಾದುಹೋಗುವ ದಿನ ತಿಳಿಯಲು ಸಾಕು. 400 ಕಿ.ಮೀ. ಎತ್ತರದವಕ್ಕೆ ತಿಂಗಳ ಹಳೆಯದನ್ನು ನಂಬಬೇಡಿ, ಅಲ್ಲಿನ ತೆಳು ಗಾಳಿಯೂ ಎಳೆದು ಕೆಳಗಿಳಿಸುತ್ತದೆ, ಆಗಾಗ ಎಂಜಿನ್ ಉರಿಸಿ ಮೇಲೆತ್ತುತ್ತಾರೆ.

ಭೂಸ್ಥಿರ ಕಕ್ಷೆ: ಮಳೆ ಮೋಡ, ಚಂಡಮಾರುತ

ಸಮಭಾಜಕದ ಮೇಲೆ 35,786 ಕಿ.ಮೀ. ಎತ್ತರದಲ್ಲಿ ಉಪಗ್ರಹಕ್ಕೆ ಒಂದು ಸುತ್ತಿಗೆ 23 ಗಂಟೆ 56 ನಿಮಿಷ 4 ಸೆಕೆಂಡು ಬೇಕು. ಭೂಮಿ ತನ್ನ ಸುತ್ತ ಒಮ್ಮೆ ತಿರುಗುವ ಸಮಯವೂ ಅಷ್ಟೇ. ಹಾಗಾಗಿ ಅದು ಒಂದೇ ಜಾಗದ ಮೇಲೆ ನಿಂತಂತಿರುತ್ತದೆ. ಇನ್ಸಾಟ್-3ಡಿಆರ್ 74 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, 2024ರ ಫೆಬ್ರವರಿ 17ರಂದು ಹಾರಿದ ಇನ್ಸಾಟ್-3ಡಿಎಸ್ ಅದರ ಕೆಲಸಕ್ಕೆ ಜೊತೆಯಾಯಿತು. ಇಡೀ ಭೂಗೋಲದ ಮುಖವನ್ನು ಅರ್ಧ ಗಂಟೆಗೊಮ್ಮೆ ಚಿತ್ರಿಸುತ್ತವೆ. ಇವುಗಳನ್ನು ನಡೆಸುವುದು ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ. ಆಕಾಶದಲ್ಲಿ ಅಲುಗದೆ ಇರುವ ಉಪಗ್ರಹವನ್ನು ಹಾಸನದ ಆಂಟೆನಾಗಳು ಹಗಲು ರಾತ್ರಿ ನೋಡುತ್ತಲೇ ಇರಬಲ್ಲವು. ಕೆಳಕಕ್ಷೆಯ ಉಪಗ್ರಹ ಒಂದು ನಿಲ್ದಾಣಕ್ಕೆ ಒಮ್ಮೆಗೆ ಹತ್ತು ಹದಿನೈದು ನಿಮಿಷ ಮಾತ್ರ ಕಾಣುತ್ತದೆ. ಅದಕ್ಕೇ ಅವುಗಳನ್ನು ನೋಡಿಕೊಳ್ಳುವ ಬೆಂಗಳೂರಿನ ಇಸ್ರೋ ಕೇಂದ್ರ ಇಸ್ಟ್ರ್ಯಾಕ್‌ಗೆ ಲಖನೌ, ಪೋರ್ಟ್ ಬ್ಲೇರ್, ಮಾರಿಷಸ್, ಬ್ರುನೈ, ಇಂಡೋನೇಷ್ಯಾದ ಬಿಯಾಕ್ ಎಂದು ದೂರದೂರದ ನಿಲ್ದಾಣಗಳ ಜಾಲ ಬೇಕಾಯಿತು.

74 ಡಿಗ್ರಿ ಜಾಗಕ್ಕೆ ಇನ್ನೊಂದು ಅನುಕೂಲವಿದೆ. ಭೂಮಿಯ ಸಮಭಾಜಕ ಪೂರ್ತಿ ದುಂಡಗಿಲ್ಲದ ಕಾರಣ ಭೂಸ್ಥಿರ ಉಪಗ್ರಹಗಳು ಪೂರ್ವಕ್ಕೋ ಪಶ್ಚಿಮಕ್ಕೋ ಜಾರುತ್ತವೆ. ಆ ಜಾರು ಬಂದು ನಿಲ್ಲುವ ಎರಡು ಸ್ಥಿರ ತಾಣಗಳಲ್ಲಿ ಒಂದು 75 ಡಿಗ್ರಿ ಪೂರ್ವದ ಹತ್ತಿರವಿದೆ. ಅಲ್ಲಿ ಪೂರ್ವ ಪಶ್ಚಿಮ ತಿದ್ದುಪಡಿಗೆ ಇಂಧನ ಕಡಿಮೆ ಸಾಕು.

ಬಳಸುವಾಗ ಎರಡು ಎಚ್ಚರಿಕೆ. ಲ್ಯಾಂಡ್‌ಸ್ಯಾಟ್‌ಗಿಂತ ಐವತ್ತು ಪಟ್ಟು ದೂರದಿಂದ ನೋಡುವುದರಿಂದ ಪಿಕ್ಸೆಲ್ ದೊಡ್ಡದು. ಇನ್ಸಾಟ್‌ನ ಬೆಳಕಿನ ಚಾನೆಲ್ 1 ಕಿ.ಮೀ., ಉಷ್ಣ ಚಾನೆಲ್ 4 ಕಿ.ಮೀ., ನೀರಾವಿ ಚಾನೆಲ್ 8 ಕಿ.ಮೀ. ನಾಲ್ಕು ಕಿಲೋಮೀಟರಿನ ಒಂದು ಪಿಕ್ಸೆಲ್‌ನಲ್ಲಿ ಸುಮಾರು 4,000 ಎಕರೆ. ಆ ಚಿತ್ರ ಹಿಡಿದು ನಿಮ್ಮೂರಿನ ಮೇಲೆ ಮೋಡ ಇದೆ ಎನ್ನಬಹುದು, ನಿಮ್ಮ ಹೊಲದ ಮೇಲೆ ಎನ್ನಲಾಗದು.

ಎರಡನೆಯದನ್ನು ಗಮನಿಸುವವರು ಕಡಿಮೆ. ಉಪಗ್ರಹ ನೇರ ತಲೆಯ ಮೇಲಿಲ್ಲ, ಓರೆಯಾಗಿ ನೋಡುತ್ತದೆ. ಹಾಗಾಗಿ ಎತ್ತರದ ಮೋಡ ತನ್ನ ನಿಜ ಜಾಗಕ್ಕಿಂತ ಉತ್ತರಕ್ಕೆ ಸರಿದಂತೆ ಕಾಣುತ್ತದೆ. ಬೆಂಗಳೂರಿನಿಂದ 74 ಡಿಗ್ರಿಯ ಉಪಗ್ರಹ ದಿಗಂತದಿಂದ ಸುಮಾರು 74 ಡಿಗ್ರಿ ಮೇಲಿದೆ. 15 ಕಿ.ಮೀ. ಎತ್ತರದ ಗುಡುಗು ಮೋಡದ ತಲೆ ಅಲ್ಲಿ ನಾಲ್ಕು ಕಿ.ಮೀ.ಗೂ ತುಸು ಹೆಚ್ಚು ಸರಿದು ಕಾಣುತ್ತದೆ, ದಿಲ್ಲಿಯಲ್ಲಿ ಅದೇ ಮೋಡ 10 ಕಿ.ಮೀ. ಸರಿಯುತ್ತದೆ. ಮಳೆಮಾಪಕದ ಜೊತೆ ಹೋಲಿಸುವವರು ಇದನ್ನು ಸರಿಪಡಿಸದೆ ಹೋಲಿಸಿದರೆ ಪಕ್ಕದ ಪಿಕ್ಸೆಲ್‌ನ ಮಳೆ ತಮ್ಮ ಮಾಪಕದ ಲೆಕ್ಕಕ್ಕೆ ಬರುತ್ತದೆ.

ಸನ್ ಸಿಂಕ್ರೊನಸ್: ಹೆಚ್ಚಿನ ಕೆಲಸ ನಡೆಯುವ ಕಕ್ಷೆ

ಧ್ರುವದಿಂದ ಧ್ರುವಕ್ಕೆ ಹೋಗುವ, 500ರಿಂದ 850 ಕಿ.ಮೀ. ಎತ್ತರದ ಈ ಕಕ್ಷೆಯ ಗುಣ ಒಂದೇ: ಪ್ರತಿ ಸಲವೂ ಅದೇ ಸೌರ ಹೊತ್ತಿಗೆ ಬರುವುದು. ನೆರಳಿನ ಉದ್ದ, ಬೆಳಕಿನ ಕೋನ ಋತುವಿಗೆ ತಕ್ಕಂತೆ ಮಾತ್ರ ಬದಲಾಗುತ್ತವೆ. ಹಾಗಾಗಿ ಕಳೆದ ವರ್ಷದ ಜನವರಿ ಚಿತ್ರವನ್ನು ಈ ವರ್ಷದ ಜನವರಿಯೊಂದಿಗೆ ಹೋಲಿಸಬಹುದು.

ಇದು ಭೂಮಿಯ ಹೊಟ್ಟೆ ಉಬ್ಬಿರುವುದರಿಂದ ಸಾಧ್ಯವಾಗಿದೆ. ಸಮಭಾಜಕದ ತ್ರಿಜ್ಯ ಧ್ರುವದ ತ್ರಿಜ್ಯಕ್ಕಿಂತ 21 ಕಿ.ಮೀ. ಹೆಚ್ಚು. ಆ ಉಬ್ಬಿನ ಸೆಳೆತಕ್ಕೆ ಕಕ್ಷೆಯ ತಲವೇ ಬುಗುರಿ ಒಲೆದಂತೆ ನಿಧಾನ ತಿರುಗುತ್ತದೆ. ದಿನಕ್ಕೆ ಸರಿಯಾಗಿ 0.9856 ಡಿಗ್ರಿ ಪೂರ್ವಕ್ಕೆ ತಿರುಗುವಂತೆ ಮಾಡಿದರೆ ವರ್ಷಕ್ಕೆ ಒಂದು ಸುತ್ತಾಗಿ ಸೂರ್ಯನ ಜೊತೆ ಹೆಜ್ಜೆ ಸೇರುತ್ತದೆ. ತಿರುಗುವ ವೇಗ ಓರೆ ಮತ್ತು ಎತ್ತರ ಎರಡನ್ನೂ ಅವಲಂಬಿಸಿದೆ. 705 ಕಿ.ಮೀ.ಗೆ 98.2 ಡಿಗ್ರಿ ಬೇಕು, ಎತ್ತರ ಹೆಚ್ಚಿದರೆ ಓರೆಯೂ ಹೆಚ್ಚಬೇಕು: 817 ಕಿ.ಮೀ.ಯ ರಿಸೋರ್ಸ್‌ಸ್ಯಾಟ್-2ಕ್ಕೆ 98.7. ಎತ್ತರಕ್ಕೆ ಓರೆ ಹೊಂದದಿದ್ದರೆ ಹೆಸರಿಗೆ ಧ್ರುವೀಯ ಕಕ್ಷೆ, ಹೊತ್ತು ಮಾತ್ರ ದಿನದಿನಕ್ಕೆ ಜಾರುತ್ತಿರುತ್ತದೆ.

ಹೊತ್ತು ನೋಡಿ ಆರಿಸಿ. ಲ್ಯಾಂಡ್‌ಸ್ಯಾಟ್ ಬೆಳಗ್ಗೆ 10ರ ನಂತರ, ಸೆಂಟಿನೆಲ್-2 ಮತ್ತು ರಿಸೋರ್ಸ್‌ಸ್ಯಾಟ್ 10.30ಕ್ಕೆ. ಬಿಸಿಲು ಸಾಕಷ್ಟು ಏರಿರುತ್ತದೆ, ಮಧ್ಯಾಹ್ನದ ಮೋಡ ಇನ್ನೂ ಕಟ್ಟಿರುವುದಿಲ್ಲ. ನೆಲದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಓಷನ್‌ಸ್ಯಾಟ್-2 ಮಧ್ಯಾಹ್ನ 12ರ ಕಕ್ಷೆಗೆ ಹೋಗಿತ್ತು, ಏಕೆಂದರೆ ಸಮುದ್ರ ಬೆಳಕನ್ನು ಬಹಳ ಕಡಿಮೆ ಹಿಂತಿರುಗಿಸುತ್ತದೆ, ಸೂರ್ಯ ಮೇಲಿದ್ದಷ್ಟೂ ಒಳ್ಳೆಯದು. ಆದರೆ ನೆತ್ತಿಯ ಸೂರ್ಯ ನೀರಿನಲ್ಲಿ ಹೊಳೆದು ಕ್ಯಾಮೆರಾಕ್ಕೆ ಹೊಡೆಯುತ್ತಾನೆ. ಅದಕ್ಕೆ ಕ್ಯಾಮೆರಾವನ್ನೇ 20 ಡಿಗ್ರಿ ಹಿಂದಕ್ಕೋ ಮುಂದಕ್ಕೋ ಓರೆ ಮಾಡುವ ವ್ಯವಸ್ಥೆ ಇಟ್ಟರು. ಸುವೋಮಿ ಎನ್‌ಪಿಪಿ ಮತ್ತು ಅದರ ಜೊತೆಯವು ಮಧ್ಯಾಹ್ನ 1.30ಕ್ಕೆ ಮತ್ತು ರಾತ್ರಿ 1.30ಕ್ಕೆ. ಕಾಡ್ಗಿಚ್ಚಿಗೆ ಇವೇ ಸರಿ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬಿದ್ದಂತಹ ಬೆಂಕಿ ಒಣಗಾಳಿಯ ಮಧ್ಯಾಹ್ನ ಹಬ್ಬುತ್ತದೆ. ಉರಿಯುವ ಬಿಂದು ಬೇಕಾದರೆ ನಾಸಾದ ಫರ್ಮ್ಸ್ ತಾಣದಲ್ಲಿ 375 ಮೀಟರಿನ ವಿಯರ್ಸ್ (ಇದೇ ಸುವೋಮಿ ಗುಂಪಿನ ಕ್ಯಾಮೆರಾ) ಮಾಹಿತಿ ತೆಗೆದುಕೊಳ್ಳಿ, ಸುಟ್ಟ ವಿಸ್ತೀರ್ಣ ಬೇಕಾದರೆ ಬೆಂಕಿ ಆರಿದ ಮೇಲಿನ ಸೆಂಟಿನೆಲ್-2 ಚಿತ್ರ. ಒಂದರ ಕೆಲಸ ಇನ್ನೊಂದರಿಂದ ಆಗುವುದಿಲ್ಲ.

ಇಲ್ಲಿ ಹೇಳಿದ 10.30 ಗಡಿಯಾರದ ಸಮಯವಲ್ಲ, ಸಮಭಾಜಕ ದಾಟುವ ಸ್ಥಳೀಯ ಸೌರ ಸಮಯ. ಭಾರತೀಯ ಕಾಲಮಾನ 82.5 ಡಿಗ್ರಿ ರೇಖಾಂಶದ್ದು. 76 ಡಿಗ್ರಿಯಲ್ಲಿರುವ ಊರಿಗೆ ಡಿಗ್ರಿಗೆ 4 ನಿಮಿಷದಂತೆ 26 ನಿಮಿಷ ಸೇರಿಸಿ. ಅಂದರೆ ಸೆಂಟಿನೆಲ್-2 ಕರ್ನಾಟಕದ ಮೇಲೆ ಹಾಯುವುದು ನಮ್ಮ ಗಡಿಯಾರದಲ್ಲಿ 11ರ ಆಸುಪಾಸಿಗೆ. ಹೊಲದಲ್ಲಿ ನಿಂತು ಎಲೆ ಬಣ್ಣ, ನೀರಿನ ಉಷ್ಣತೆ ಅಳೆದು ಚಿತ್ರದೊಂದಿಗೆ ಹೋಲಿಸುವವರು ಆ ಹೊತ್ತಿಗೇ ಅಳೆಯಿರಿ.

ಮರುಭೇಟಿಯ ಲೆಕ್ಕ ಕೈಯಿಂದಲೇ ಮಾಡುವುದು

ಲ್ಯಾಂಡ್‌ಸ್ಯಾಟ್ 16 ದಿನದಲ್ಲಿ 233 ಸುತ್ತು ಮುಗಿಸಿ ಮೊದಲಿನ ದಾರಿಗೆ ಬರುತ್ತದೆ. ಭೂಮಿಯ ಸುತ್ತಳತೆ 40,075 ಕಿ.ಮೀ.ಯನ್ನು 233ರಿಂದ ಭಾಗಿಸಿದರೆ 172 ಕಿ.ಮೀ. ಸಮಭಾಜಕದಲ್ಲಿ ಎರಡು ಪಕ್ಕದ ದಾರಿಗಳ ಅಂತರ ಅದು. ಕ್ಯಾಮೆರಾ ಒಮ್ಮೆಗೆ ನೋಡುವ ನೆಲದ ಪಟ್ಟಿಯ ಅಗಲ 185 ಕಿ.ಮೀ. ಇರುವುದರಿಂದ ಎಲ್ಲೂ ತೂತು ಬೀಳುವುದಿಲ್ಲ, 13 ಕಿ.ಮೀ. ಒಂದರ ಮೇಲೊಂದು ಬರುತ್ತದೆ. ಲ್ಯಾಂಡ್‌ಸ್ಯಾಟ್ 8 ಮತ್ತು 9 ಎಂಟು ದಿನದ ಅಂತರದಲ್ಲಿರುವುದರಿಂದ ಎರಡೂ ಸೇರಿ 8 ದಿನಕ್ಕೊಂದು ಚಿತ್ರ. ಸೆಂಟಿನೆಲ್-2 ಹತ್ತು ದಿನದಲ್ಲಿ 143 ಸುತ್ತು, ಅಂತರ 280 ಕಿ.ಮೀ., ಪಟ್ಟಿ 290. ಎರಡು ಉಪಗ್ರಹ ಸೇರಿ 5 ದಿನ.

ಈ ಲೆಕ್ಕ ಗೊತ್ತಿದ್ದರೆ ಬಹಳ ಸಂಗತಿ ತಾನಾಗಿ ಬಿಡಿಸಿಕೊಳ್ಳುತ್ತದೆ. ರಿಸೋರ್ಸ್‌ಸ್ಯಾಟ್-2 24 ದಿನದಲ್ಲಿ 341 ಸುತ್ತು ಹೊಡೆಯುತ್ತದೆ, ದಾರಿಗಳ ಅಂತರ 117 ಕಿ.ಮೀ. ಲಿಸ್-3ರ ಪಟ್ಟಿ 141 ಕಿ.ಮೀ., ಸಾಕಾಗುತ್ತದೆ. ಲಿಸ್-4ರ 5.8 ಮೀಟರ್ ಚಿತ್ರದ ಪಟ್ಟಿ 70 ಕಿ.ಮೀ. ಮಾತ್ರ, ಒಂದು ಚಕ್ರದಲ್ಲಿ ನೇರ ಕೆಳಗೆ ನೋಡಿ ಎಲ್ಲ ಜಾಗ ಮುಟ್ಟಲಾರದು. ಅದಕ್ಕೇ ಅದನ್ನು 26 ಡಿಗ್ರಿಯವರೆಗೆ ಬದಿಗೆ ತಿರುಗಿಸುತ್ತಾರೆ. ನಿಮ್ಮ ತಾಲೂಕಿನ ಲಿಸ್-4 ಚಿತ್ರ ಬೇಕಾದ ತಿಂಗಳಲ್ಲಿ ಸಿಗದಿದ್ದರೆ ಕಾರಣ ಇಲ್ಲಿದೆ. ಇದೇ ಉಪಗ್ರಹದ ಎವಿಫ್ಸ್ ಕ್ಯಾಮೆರಾಕ್ಕೆ 740 ಕಿ.ಮೀ. ಪಟ್ಟಿ, ಐದು ದಿನಕ್ಕೊಮ್ಮೆ ಬರುತ್ತದೆ. ಪಿಕ್ಸೆಲ್ 56 ಮೀಟರ್, ಮೂವತ್ತೊಂದು ಗುಂಟೆ. ಜಿಲ್ಲೆಯ ಬರ ನೋಡಲು ಒಳ್ಳೆಯದು, ಒಂದು ತೋಟ ನೋಡಲು ಅಲ್ಲ.

ದಿನವೂ ನೋಡುವ ಉಪಗ್ರಹಗಳಿಗೂ ಇದೇ ಲೆಕ್ಕ. ಮೋಡಿಸ್ ಕ್ಯಾಮೆರಾ ಹೊತ್ತ ನಾಸಾದ ಟೆರ್ರಾ, ಅಕ್ವಾ 705 ಕಿ.ಮೀ. ಕಕ್ಷೆಗೆ ಹೋದವು. ಅಲ್ಲಿ ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ಸಮಭಾಜಕದಲ್ಲಿ 2,752 ಕಿ.ಮೀ. ಅಂತರ, ಪಟ್ಟಿ 2,330. ನಮ್ಮಂತಹ ಕಡಿಮೆ ಅಕ್ಷಾಂಶದಲ್ಲಿ ಒಂದೊಂದು ದಿನ ತೂತು ಬೀಳುತ್ತದೆ. ಚಿತ್ರದಲ್ಲಿ ಕಪ್ಪು ಮೀನಿನಾಕಾರದ ಖಾಲಿ ಕಂಡರೆ ಫೈಲ್ ಕೆಟ್ಟಿದೆ ಎಂದುಕೊಳ್ಳಬೇಡಿ. ವಿಯರ್ಸ್‌ನ ಪಟ್ಟಿ 3,060 ಕಿ.ಮೀ., ಅದಕ್ಕೆ ಈ ತೂತಿಲ್ಲ.

ನಿಮ್ಮ ಕೆರೆ ಎರಡು ಪಟ್ಟಿಗಳು ಸೇರುವ ಕಡೆ ಇದ್ದರೆ ಚಿತ್ರಗಳ ಸಂಖ್ಯೆ ಎರಡರಷ್ಟಾಗುತ್ತದೆ. ಆದರೆ ಒಂದು ದಾರಿಯಿಂದ ಪೂರ್ವದ ಕಡೆಯಿಂದ, ಇನ್ನೊಂದರಿಂದ ಪಶ್ಚಿಮದಿಂದ ನೋಡಿದ ಚಿತ್ರಗಳವು. ಬೆಳೆಯ ಹೊಳಪು ಕೋನಕ್ಕೆ ತಕ್ಕಂತೆ ಬದಲಾಗುತ್ತದೆ, ಅದನ್ನು ಬೆಳೆ ಬದಲಾಯಿತು ಎಂದು ಓದಿಬಿಡುವುದೇ ಈ ಕೆಲಸದಲ್ಲಿ ಅತಿ ಸಾಮಾನ್ಯ ತಪ್ಪು. ಸೆಂಟಿನೆಲ್-2 ಫೈಲ್ ಹೆಸರಿನಲ್ಲಿ ಆರ್ ಅಕ್ಷರದ ನಂತರ ಮೂರು ಅಂಕಿ ಇರುತ್ತದೆ, 1ರಿಂದ 143ರ ನಡುವಿನ ದಾರಿಯ ಸಂಖ್ಯೆ. ಒಂದೇ ದಾರಿಯ ಚಿತ್ರಗಳನ್ನಷ್ಟೇ ಸಾಲಾಗಿ ಜೋಡಿಸಿ.

ಮುಂಜಾನೆ ಮುಸ್ಸಂಜೆಯ ಕಕ್ಷೆ: ರೇಡಾರ್

ಸನ್ ಸಿಂಕ್ರೊನಸ್ ಕಕ್ಷೆಯನ್ನೇ ಬೆಳಗಿನ 6, ಸಂಜೆಯ 6ರ ಗೆರೆಯ ಮೇಲಿಟ್ಟರೆ ಉಪಗ್ರಹ ವರ್ಷದ ಬಹುಪಾಲು ಭೂಮಿಯ ನೆರಳಿಗೆ ಬೀಳುವುದೇ ಇಲ್ಲ. ರೇಡಾರ್‌ಗೆ ಬೇಕಾದ ಭಾರಿ ವಿದ್ಯುತ್ ಸೌರಫಲಕಗಳಿಂದ ಸತತ ಸಿಗುತ್ತದೆ. ತನ್ನ ಅಲೆಯನ್ನು ತಾನೇ ಕಳಿಸುವುದರಿಂದ ಬಿಸಿಲು ಬೇಕಿಲ್ಲ, ಮೋಡ ಅಡ್ಡಿಯಲ್ಲ. ಸೆಂಟಿನೆಲ್-1 (693 ಕಿ.ಮೀ., 12 ದಿನಕ್ಕೆ 175 ಸುತ್ತು), ಇಸ್ರೋದ ಇಒಎಸ್-04 (529 ಕಿ.ಮೀ., 2022ರ ಫೆಬ್ರವರಿ 14ರ ಉಡಾವಣೆ), 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹೋದ ನಾಸಾ ಇಸ್ರೋ ಜಂಟಿ ಉಪಗ್ರಹ ನಿಸಾರ್, ಎಲ್ಲವೂ ಈ ಹೊತ್ತಿನವೇ. ನಿಸಾರ್‌ನ ಎಲ್ ಬ್ಯಾಂಡಿನ 24 ಸೆಂ.ಮೀ. ಅಲೆ ಎಲೆಗಳನ್ನು ದಾಟಿ ರೆಂಬೆ, ಕಾಂಡ, ನೆಲದವರೆಗೆ ಇಳಿಯುತ್ತದೆ. ಸೆಂಟಿನೆಲ್-1ರ ಐದೂವರೆ ಸೆಂ.ಮೀ. ಅಲೆ ದಟ್ಟ ಕಾಡಿನಲ್ಲಿ ಮೇಲಿನ ಎಲೆಗಳಲ್ಲೇ ನಿಲ್ಲುತ್ತದೆ.

ರೇಡಾರ್ ನೇರ ಕೆಳಗೆ ನೋಡುವುದಿಲ್ಲ, ಬದಿಗೆ ನೋಡುತ್ತದೆ. ಸೆಂಟಿನೆಲ್-1 ಚಲಿಸುವ ದಿಕ್ಕಿನ ಬಲಕ್ಕೆ ನೋಡುತ್ತದೆ. ಸಂಜೆ ದಕ್ಷಿಣದಿಂದ ಉತ್ತರಕ್ಕೆ ಏರುವಾಗ ಪೂರ್ವಕ್ಕೆ, ಮುಂಜಾನೆ ಉತ್ತರದಿಂದ ದಕ್ಷಿಣಕ್ಕೆ ಇಳಿಯುವಾಗ ಪಶ್ಚಿಮಕ್ಕೆ ಅದರ ದೃಷ್ಟಿ. ಪಶ್ಚಿಮ ಘಟ್ಟದಲ್ಲಿ ಇದು ಬಹಳ ಮುಖ್ಯ. ಆಗುಂಬೆ, ಚಾರ್ಮಾಡಿ, ಶಿರಾಡಿಯ ಕಡಿದಾದ ಮುಖ ಕರಾವಳಿಗೆ, ಅಂದರೆ ಪಶ್ಚಿಮಕ್ಕೆ. ಏರುಮುಖದ ಚಿತ್ರದಲ್ಲಿ ಆ ಇಳಿಜಾರು ರೇಡಾರ್‌ಗೆ ಎದುರಾಗಿ ನಿಲ್ಲುತ್ತದೆ. ಇಳಿಜಾರು ರೇಡಾರಿನ ಕೋನಕ್ಕಿಂತ, ಸುಮಾರು 30ರಿಂದ 45 ಡಿಗ್ರಿಗಿಂತ ಕಡಿದಾದರೆ ಗುಡ್ಡದ ತಲೆ ಬುಡಕ್ಕಿಂತ ಮುಂಚೆ ದಾಖಲಾಗಿ ಇಡೀ ಮುಖ ಬೆಳ್ಳಗಿನ ಒಂದು ಗೆರೆಯಾಗಿ ಮಡಚಿಕೊಳ್ಳುತ್ತದೆ. ಅಲ್ಲಿ ಯಾವ ಸಾಫ್ಟ್‌ವೇರೂ ಮಾಹಿತಿ ಹಿಂದೆ ತರಲಾರದು. ಇಳಿಮುಖದ ಚಿತ್ರದಲ್ಲಿ ಅದೇ ಇಳಿಜಾರು ರೇಡಾರಿನಿಂದ ಆಚೆಗೆ ತಿರುಗಿರುತ್ತದೆ, ಹರಡಿಕೊಂಡು ವಿವರವಾಗಿ ಕಾಣುತ್ತದೆ. ನೆರಳಿಗೆ ಬೀಳಬೇಕಾದರೆ 45ರಿಂದ 60 ಡಿಗ್ರಿಗಿಂತ ಕಡಿದಿರಬೇಕು, ಅದು ಅಪರೂಪ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಆದಂತಹ ಮಳೆಗಾಲದ ಗುಡ್ಡ ಕುಸಿತವನ್ನು ಪಶ್ಚಿಮ ಮುಖದ ಇಳಿಜಾರುಗಳಲ್ಲಿ ಹುಡುಕುವವರು ಇಳಿಮುಖದ ಚಿತ್ರದಿಂದಲೇ ಶುರು ಮಾಡಿ. ಎರಡೂ ಮುಖದ ಚಿತ್ರ ಎಲ್ಲ ಜಾಗಕ್ಕೂ ಸಮನಾಗಿ ಇರುವುದಿಲ್ಲ, ಯೋಜನೆ ಬರೆಯುವ ಮುನ್ನವೇ ಕೋಪರ್ನಿಕಸ್ ಬ್ರೌಸರ್‌ನಲ್ಲಿ ದಿನಾಂಕಗಳ ಪಟ್ಟಿ ನೋಡಿಕೊಳ್ಳಿ.

ಮಳೆಗಾಲದಲ್ಲಿ ಜಲಾಶಯದ ನೀರಿನ ಹರವು ಅಳೆಯುವ ಬಗೆ

ತುಂಗಭದ್ರಾ ಹಿನ್ನೀರನ್ನೇ ತೆಗೆದುಕೊಳ್ಳೋಣ. ಸೆಂಟಿನೆಲ್-1ರ ಐಡಬ್ಲ್ಯೂ (ಅಗಲ ಪಟ್ಟಿಯ) ವಿಧಾನದ ಜಿಆರ್‌ಡಿ ಫೈಲ್, ವಿವಿ (ಅಲೆಯನ್ನು ಲಂಬವಾಗಿ ಕಳಿಸಿ ಲಂಬವಾಗಿಯೇ ಪಡೆದ) ಧ್ರುವೀಕರಣ, ಇಳಿಮುಖ ಆರಿಸಿ. ಮುಂಜಾನೆ ಗಾಳಿ ಸಾಮಾನ್ಯವಾಗಿ ಕಡಿಮೆ, ನೀರು ನಯವಾಗಿರುತ್ತದೆ. ನಯವಾದ ನೀರು ಅಲೆಯನ್ನು ಆಚೆ ಚಿಮ್ಮಿಸಿ ಕಪ್ಪಾಗಿ ಕಾಣುತ್ತದೆ.

ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಉಚಿತ ಸ್ನ್ಯಾಪ್ ತಂತ್ರಾಂಶದಲ್ಲಿ ಈ ಕ್ರಮ ಅನುಸರಿಸಿ. ಮೊದಲು ಕಕ್ಷೆಯ ಫೈಲ್ ಹಾಕಿ. ಚಿತ್ರ ತೆಗೆದ ಮೂರು ಗಂಟೆಯೊಳಗೆ ಬರುವ ಕಕ್ಷೆ ಮಾಹಿತಿ 10 ಸೆಂ.ಮೀ. ಒಳಗಿನ ತಪ್ಪಿನದು, ಸುಮಾರು 20 ದಿನದ ನಂತರ ಬರುವುದು 5 ಸೆಂ.ಮೀ. ಒಳಗಿನದು. ನೀರಿನ ಹರವಿಗೆ ಮೊದಲನೆಯದೇ ಧಾರಾಳ. ನೆಲ ಕುಸಿತವನ್ನು ಮಿಲಿಮೀಟರಿನಲ್ಲಿ ಅಳೆಯುವವರು ಎರಡನೆಯದಕ್ಕೆ ಕಾಯಬೇಕು. ಆಮೇಲೆ ಉಷ್ಣ ಶಬ್ದ ತೆಗೆಯುವುದು, ಕ್ಯಾಲಿಬ್ರೇಷನ್, ಚುಕ್ಕೆ ಕಡಿಮೆ ಮಾಡುವ ಫಿಲ್ಟರ್, 30 ಮೀಟರಿನ ಎತ್ತರ ನಕ್ಷೆಯೊಂದಿಗೆ ಭೂಪ್ರದೇಶ ತಿದ್ದುಪಡಿ, ಕೊನೆಗೆ ಡೆಸಿಬೆಲ್‌ಗೆ ಪರಿವರ್ತನೆ. ಈಗ ಯಾವ ಹೊಳಪಿನ ಪಿಕ್ಸೆಲ್ ಎಷ್ಟಿವೆ ಎಂದು ತೋರಿಸುವ ಹಿಸ್ಟೋಗ್ರಾಂ ತೆರೆಯಿರಿ. ಎರಡು ಗುಡ್ಡ, ನಡುವೆ ಒಂದು ಕಣಿವೆ ಕಾಣುತ್ತದೆ. ವಿವಿಯಲ್ಲಿ ಆ ಕಣಿವೆ ಸಾಮಾನ್ಯವಾಗಿ −15ರಿಂದ −18 ಡೆಸಿಬೆಲ್ ನಡುವೆ. ಅದಕ್ಕಿಂತ ಕಡಿಮೆ ಇರುವ ಪಿಕ್ಸೆಲ್‌ಗಳನ್ನು ಎಣಿಸಿ 100 ಚದರ ಮೀಟರಿನಿಂದ ಗುಣಿಸಿದರೆ ನೀರಿನ ವಿಸ್ತೀರ್ಣ.

ಕಣಿವೆ ಸ್ಪಷ್ಟವಿಲ್ಲದಿದ್ದರೆ ಚಿತ್ರದಲ್ಲಿ ನೀರಿನ ಭಾಗ ತೀರಾ ಕಡಿಮೆ ಇದೆ ಎಂದರ್ಥ. ಜಲಾಶಯದ ಸುತ್ತ ಮಾತ್ರ ಕತ್ತರಿಸಿಕೊಂಡು ಮತ್ತೆ ನೋಡಿ. ಗಾಳಿ ಎದ್ದ ದಿನ ನೀರಿನ ನಡುಭಾಗವೇ ಬೆಳ್ಳಗಾಗಿ ವಿಸ್ತೀರ್ಣ ಕಡಿಮೆ ಬರುತ್ತದೆ. ಜಲಕಳೆ ಹಬ್ಬಿದ ಕೆರೆ ನೆಲದಂತೆ ಕಾಣುತ್ತದೆ. ಹೊಸದಾಗಿ ನೀರು ಕಟ್ಟಿದ ಭತ್ತದ ಗದ್ದೆ, ಡಾಂಬರಿನ ದೊಡ್ಡ ಬಯಲು, ರನ್‌ವೇ ನೀರಿನಂತೆ ಕಾಣುತ್ತವೆ. ಬೇಸಿಗೆಯ ಮೋಡವಿಲ್ಲದ ಸೆಂಟಿನೆಲ್-2 ಚಿತ್ರದಿಂದ ಇವನ್ನು ಗುರುತಿಸಿ ಮೊದಲೇ ಹೊರಗಿಡಿ.

ಈ ವಿಧಾನದ ಮಿತಿಯೂ ಕಕ್ಷೆಯದೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತು. ಇಂತಹ ಘಟನೆಯ ಕ್ಷಣವನ್ನು ಒಂದು ಉಪಗ್ರಹಕ್ಕೆ 12 ದಿನದ ಚಕ್ರ ಇರುವ ಕಕ್ಷೆ ಹಿಡಿಯಲಾರದು. ಮುಂಚಿನ ಮತ್ತು ನಂತರದ ಹರವಿನ ವ್ಯತ್ಯಾಸ ಮಾತ್ರ ಕೊಡುತ್ತದೆ. ಗಂಟೆಗಂಟೆಯ ಮಟ್ಟಕ್ಕೆ ದಡದ ಮಾಪಕವೇ ಬೇಕು.

ಉಳಿದ ಕಕ್ಷೆಗಳು, ಚುಟುಕಾಗಿ

ಉಷ್ಣವಲಯದ ಮಳೆಯನ್ನು ದಿನದ ಬೇರೆಬೇರೆ ಹೊತ್ತಿನಲ್ಲಿ ಅಳೆಯಬೇಕಾದರೆ ಧ್ರುವಕ್ಕೆ ಹೋಗಿ ಸಮಯ ಕಳೆಯುವ ಅಗತ್ಯವಿಲ್ಲ. 2011ರ ಅಕ್ಟೋಬರ್ 12ರಂದು ಹಾರಿದ ಭಾರತ ಫ್ರಾನ್ಸ್ ಜಂಟಿ ಉಪಗ್ರಹ ಮೇಘಾ ಟ್ರಾಪಿಕ್ಸ್ ಅದಕ್ಕೇ 20 ಡಿಗ್ರಿ ಓರೆಯಲ್ಲಿ, 867 ಕಿ.ಮೀ. ಎತ್ತರದಲ್ಲಿ ಸುತ್ತಿತು, ಒಂದೇ ಜಾಗವನ್ನು ದಿನಕ್ಕೆ ಹಲವು ಸಲ ನೋಡಿತು. ಸಮುದ್ರ ಮಟ್ಟ ಅಳೆಯುವ ಜೇಸನ್ ಸರಣಿ, ಸೆಂಟಿನೆಲ್-6 ಬೇಕೆಂದೇ ಸನ್ ಸಿಂಕ್ರೊನಸ್ ಬಿಟ್ಟು 1,336 ಕಿ.ಮೀ., 66 ಡಿಗ್ರಿ ಆರಿಸಿಕೊಂಡವು. ಸದಾ ಒಂದೇ ಸೌರ ಹೊತ್ತಿಗೆ ಅಳೆದರೆ ಸೂರ್ಯನಿಂದ ಏಳುವ 12 ಗಂಟೆಯ ಉಬ್ಬರ ಸದಾ ಒಂದೇ ಮಟ್ಟದಲ್ಲಿ ಸಿಗುತ್ತದೆ, ಅದನ್ನು ನಿಜವಾದ ಸಮುದ್ರ ಮಟ್ಟದಿಂದ ಬೇರ್ಪಡಿಸಲಾಗುವುದಿಲ್ಲ. ಭೂಸ್ಥಿರ ಉಪಗ್ರಹದ ಕಣ್ಣಿಗೆ ಸರಿಯಾಗಿ ಬೀಳದ ಉತ್ತರ ಧ್ರುವದ ಹವಾಮಾನಕ್ಕೆ ರಷ್ಯಾ 2021ರ ಫೆಬ್ರವರಿಯಲ್ಲಿ ಆರ್ಕ್ಟಿಕಾ-ಎಂ ಅನ್ನು ಮೊಲ್ನಿಯಾ ಬಗೆಯ ಕಕ್ಷೆಗೆ ಕಳಿಸಿತು. ನಮ್ಮ ಅಕ್ಷಾಂಶದವರಿಗೆ ಅದರ ಉಪಯೋಗವಿಲ್ಲ.

ಕಕ್ಷೆಯೇ ಕೈಕೊಟ್ಟಾಗ

2022ರ ಆಗಸ್ಟ್ 7ರಂದು ಇಸ್ರೋದ ಚಿಕ್ಕ ರಾಕೆಟ್ ಎಸ್‌ಎಸ್‌ಎಲ್‌ವಿಯ ಮೊದಲ ಹಾರಾಟ ಇಒಎಸ್-02 ಉಪಗ್ರಹವನ್ನು 356 ಕಿ.ಮೀ. ವೃತ್ತಾಕಾರದ ಬದಲು 356ಕ್ಕೆ 76 ಕಿ.ಮೀ. ಮೊಟ್ಟೆಯಾಕಾರದ ಕಕ್ಷೆಯಲ್ಲಿ ಬಿಟ್ಟಿತು. 76 ಕಿ.ಮೀ.ಯಲ್ಲಿ ಗಾಳಿ ಎಷ್ಟು ದಟ್ಟವೆಂದರೆ ಉಪಗ್ರಹ ಉಳಿಯಲಾರದು. ಇಂತಹ ನಷ್ಟ ತಕ್ಷಣ ಕಾಣುತ್ತದೆ. ನಿಧಾನ ಜಾರುವ ಕಕ್ಷೆ ಮಾತ್ರ ಸದ್ದಿಲ್ಲದೆ ನಿಮ್ಮ ಲೆಕ್ಕ ಕೆಡಿಸುತ್ತದೆ. ಟೆರ್ರಾ ಉಪಗ್ರಹದ ಓರೆ ತಿದ್ದುವುದನ್ನು 2020ರಲ್ಲಿ ನಿಲ್ಲಿಸಿದರು, 2022ರ ಅಕ್ಟೋಬರ್‌ನಲ್ಲಿ ಅದನ್ನು 705 ಕಿ.ಮೀ. ಸಾಲಿನಿಂದ ಕೆಳಗಿಳಿಸಿದರು. 10.30ಕ್ಕೆ ಬರುತ್ತಿದ್ದದ್ದು ವರ್ಷದಿಂದ ವರ್ಷಕ್ಕೆ ಮುಂಚೆ ಬರತೊಡಗಿತು. ಮುಂಚೆ ಎಂದರೆ ನೆರಳು ಉದ್ದ, ನೆಲ ತಂಪು. ಟೆರ್ರಾದ 20 ವರ್ಷದ ನೆಲದ ಉಷ್ಣತೆಯ ಸಾಲಿಗೆ 2022ರ ನಂತರದ್ದನ್ನು ಹಾಗೆಯೇ ಸೇರಿಸಿದರೆ ಊರು ತಂಪಾಗುತ್ತಿದೆ ಎಂಬ ತಪ್ಪು ತೀರ್ಮಾನ ಬರುತ್ತದೆ. ಪ್ರತಿ ಫೈಲಿನ ಜೊತೆ ನೋಡಿದ ಸಮಯವೂ ಇರುತ್ತದೆ. ನಿಮ್ಮ ಲೆಕ್ಕದ ಹಾಳೆಯಲ್ಲಿ ದಿನಾಂಕದ ಪಕ್ಕ ಆ ಸಮಯಕ್ಕೊಂದು, ದಾರಿಯ ಸಂಖ್ಯೆಗೊಂದು, ಏರುಮುಖವೋ ಇಳಿಮುಖವೋ ಎಂಬುದಕ್ಕೊಂದು ಕಾಲಂ ಮೊದಲ ದಿನವೇ ಹಾಕಿಕೊಳ್ಳಿ. ವರ್ಷದ ಕೊನೆಗೆ ನೂರಾರು ಫೈಲ್ ತೆರೆದು ಇವನ್ನು ಹುಡುಕುವುದು ಬಹಳ ಕಷ್ಟ.